ಕೆಂಪು ನೈಲ್‌ಪಾಲಿಶಿನ ನಂಬರು

ರಮೀಝ್ ತನ್ನ ಪಂಪ್ ಕಂಪೆನಿಯ ಟೋಲ್‌ಫ್ರೀ ನಂಬರಿನ ಸ್ಟಿಕ್ಕರನ್ನು ಕಾಗದದಿಂದ ಬಿಡಿಸುತ್ತಿದ್ದಂತೆ ಪೂವಮ್ಮ ತಮ್ಮ ತೋಟದ ಪಂಪಿನ ಸ್ವಿಚ್ ಪೆಟ್ಟಿಗೆಗೆ ಅಂಗೈ ಅಡ್ಡ ಇಟ್ಟರು. “ಅಲ್ಲಿ ಬೇಡ ಮಾರಾಯ್ರೆ. ಅದರಲ್ಲಿ ನಂಬರ್ ಉಂಟು.”

ಅವರು ಕೈ ಸರಿಸಿದಾಗ ಕಂಡಿತು. ಕೆಂಪು ನೈಲ್‌ಪಾಲಿಶಿನಲ್ಲಿ ಭವಿತಾ ಎಂಬ ಹೆಸರು, ಕೆಳಗೆ ಅವಳ ಮೊಬೈಲ್ ನಂಬರು. ಭವಿತಾ ಅವನ ಸುಳ್ಯದ ಆಫೀಸಿನಲ್ಲಿ ಫೋನು ತೆಗೆಯುವವಳು. ನಾಡಿದ್ದು ಕಡಬದಲ್ಲಿ ಅವನ ಮೂರನೇ ಶಾಖೆ ತೆರೆಯಲಿತ್ತು. ಇನ್ನು ಮುಂದೆ ಎಲ್ಲ ದೂರೂ ಪುತ್ತೂರಿನ ಕಾಲ್‌ಸೆಂಟರಿಗೆ. ಅವಳನ್ನು ಕೆಲಸದಿಂದ ಬಿಡಿಸುವ ಪತ್ರ ಅವನ ಬ್ಯಾಗಿನಲ್ಲೇ ಇತ್ತು. ಬೆಳೆಯುವ ಕಂಪೆನಿ ಒಬ್ಬರನ್ನೇ ನೆಚ್ಚಿಕೊಂಡಿರಬಾರದು ಎಂದು ಮೀಟಿಂಗಿನಲ್ಲಿ ಹೇಳಿದವನೂ ಅವನೇ.

“ಈ ನಂಬರಿಗೆ ಯಾವಾಗ ಬೇಕಾದ್ರೂ ಮಾಡ್ಬಹುದು ಅಮ್ಮ,” ಎಂದ ಸ್ಟಿಕ್ಕರು ತೋರಿಸಿ.

“ಮಾಡ್ಬಹುದು. ಆದ್ರೆ ಅವಳು ಮೊದಲು ನನ್ನ ಮೊಣಕಾಲು ಹೇಗುಂಟು ಅಂತ ಕೇಳುದು. ಪಂಪಿನ ವಿಷಯ ಆಮೇಲೆ.” ಪೂವಮ್ಮ ಅವನ ಶರಟಿನ ಮೇಲಿನ ಲೋಗೊವನ್ನು ಒಂದಿಷ್ಟು ಹೊತ್ತು ನೋಡಿದರು. “ನೀವು ಯಾವ ಕಂಪೆನಿಯವರು?”

ಎಂಟು ವರ್ಷದ ಹಿಂದೆ ಆ ಪಂಪನ್ನು ತಂದು ಕೂರಿಸಿದ್ದು ಅವನೇ. ರಮೀಝ್ ಸ್ಟಿಕ್ಕರನ್ನು ಮತ್ತೆ ಅದರ ಕಾಗದಕ್ಕೇ ಅಂಟಿಸಿದ.

“ಭವಿತಾ ಇದ್ದಾಳಲ್ಲ,” ಎಂದ, “ಅದೇ ಕಂಪೆನಿ.”