ಒಂದೇ ಹಾಟ್‌ಸ್ಪಾಟ್

ವಾರಿಜಾಳಿಗೂ ಅವಳ ಗಂಡ ರಂಗಪ್ರಸಾದನಿಗೂ ಕೂಡಿ ಬಾಳುವುದು ಸಾಕಾಗಿತ್ತು. ಆದರೆ ಮನೆ ಬಿಟ್ಟು ಹೋಗಲು ಇಬ್ಬರೂ ತಯಾರಿರಲಿಲ್ಲ. ವರ್ಷ ಕಾಲ ಬೇರೆ ಬೇರೆ ಇದ್ದರಷ್ಟೇ ವಿಚ್ಛೇದನ ಎಂದು ವಕೀಲರು ಹೇಳಿದರು. ರಂಗಪ್ರಸಾದ ತಾನು ತಮ್ಮನ ಮನೆ ಸೇರಿ ವರ್ಷವಾಯಿತೆಂದು ಅರ್ಜಿಯಲ್ಲಿ ಬರೆಸಿ ಬಂದು, ಎಂದಿನಂತೆ ನಡುಮನೆಯಲ್ಲೇ ಚಾಪೆ ಹಾಸಿಕೊಂಡ.

ವಿಚಾರಣೆ ವಿಡಿಯೋದಲ್ಲಿ ನಡೆಯುವುದಿತ್ತು. ವಾರಿಜಾ ಕೋಣೆಯಲ್ಲಿ ತನ್ನ ಮೊಬೈಲಿನ ನೆಟ್ಟಿಗೆ ಜೋಡಿಸಿದ ಕಂಪ್ಯೂಟರ್ ಮುಂದೆ ಕೂರುವಷ್ಟರಲ್ಲಿ ಅವನು ಬಾಗಿಲಿಗೆ ಬಂದು ನಿಂತ.

“ನನ್ನ ನೆಟ್ ಸತ್ತೋಗಿದೆ. ನಿನ್ನ ಹಾಟ್‌ಸ್ಪಾಟ್ ಕೊಡೇ.”

“ಕೊಡಲ್ಲ.”

“ಕೊಡಬೇಡ. ಕೇಸು ಆರು ತಿಂಗಳು ಮುಂದಕ್ಕೆ ಹೋಗ್ಲಿ. ನನ್ನ ಗೊರಕೆ ಕೇಳ್ಕೊಂಡು ಬಿದ್ದಿರು.”

ವಾರಿಜಾ ತಟ್ಟನೆ ಮೊಬೈಲ್ ಎತ್ತಿಕೊಂಡಳು.

“ಪಾಸ್‌ವರ್ಡ್ ಏನು?”

“ಪೀಡೆ ಅಂತ ಹಾಕಿ. ಪಕ್ಕದಲ್ಲಿ ನೀವು ಹುಟ್ಟಿದ ತಾರೀಖು.”

ಅವನು ನಡುಮನೆಯ ಕಂಪ್ಯೂಟರಿಗೆ ಓಡಿದ.

ನ್ಯಾಯಾಧೀಶರು ವಾರಿಜಾಳನ್ನು ಕೇಳಿದರು, “ನಿಮ್ಮ ಯಜಮಾನರ ಜೊತೆ ಏನಾದ್ರೂ ಸಂಪರ್ಕ ಇದೆಯೇನಮ್ಮಾ?”

“ಇಲ್ಲ ಸ್ವಾಮಿ. ಅವರ ಮುಖ ನೋಡಿ ವರ್ಷವಾಯ್ತು,” ಎಂದು ವಾರಿಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಚಾರ್ಜ್ ಮುಗಿದು ಅವಳ ಮೊಬೈಲ್ ಆರಿಹೋಯಿತು. ಕೋರ್ಟಿನ ಪರದೆಯಿಂದ ಗಂಡ ಹೆಂಡತಿ ಇಬ್ಬರೂ ಮಾಯವಾದರು. ಅವಳು ಗಾಬರಿಯಿಂದ ಚಾರ್ಜರ್ ಸಿಕ್ಕಿಸಿ ಮತ್ತೆ ಹಾಟ್‌ಸ್ಪಾಟ್ ಹಾಕಿದಳು. ಇಬ್ಬರ ಮುಖವೂ ಪರದೆಯ ಮೇಲೆ ಮೂಡಿತು.

ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಒಟ್ಟಿಗೇ ಹೋದ್ರಿ, ಒಟ್ಟಿಗೇ ಬಂದ್ರಿ. ಇನ್ನಾರು ತಿಂಗಳು ಒಟ್ಟಿಗೇ ಇರಿ.”