ಬಾಣಂತಿ ಕೋಣೆಗೆ ಪರ್ಮಿಟ್

ಪ್ರಾಣಿಗಳೂ ಸರ್ಕಾರಿ ವೆಬ್‌ಸೈಟಿನಲ್ಲಿ ಸಫಾರಿ ಬುಕ್ ಮಾಡಿ ಊರು ನೋಡಲು ಬರತೊಡಗಿ ವರ್ಷಗಳೇ ಆಗಿದ್ದವು. ಕೆಂಪಾಜಮ್ಮ ರಾಗಿ ಕೇರುವುದನ್ನು ಜಿಂಕೆಗಳು ಬೇಲಿಯಾಚೆ ನಿಂತು ನೋಡುತ್ತಿದ್ದವು, ಆಕೆಗೇನೂ ಬೇಸರವಿರಲಿಲ್ಲ. ಇವತ್ತು ಮಾತ್ರ ಬಾಗಿಲಿಗೆ ಅಡ್ಡ ನಿಂತಿದ್ದಳು.

“ಆನೆ ಗುಂಪು ಕಣಜ್ಜಿ. ಎಳೇ ಕೂಸು ನೋಡಕ್ಕೇ ಅಂತ ಪರ್ಮಿಟ್ ತಗಂಡವೆ. ನಿನ್ನ ಮೊಮ್ಮಗೀನ ಒಂದ್ಗಳಿಗೆ ಆಚೆಗೆ ತಾ,” ಎಂದ ಗೈಡ್ ಚಿನ್ನಸ್ವಾಮಿ.

“ಇನ್ನೂ ತೊಟ್ಲಿಗೇ ಹಾಕಿಲ್ಲ. ನೆಂಟ್ರಿಗೇ ತೋರ್ಸಿಲ್ಲ, ನಿನ್ನ ಆನೆಗೆ ತೋರುಸ್ತೀನಾ?”

“ಇಲಾಖೆಯೋರು ನನ್ನ ಕೆಲ್ಸದಿಂದ ಕಿತ್ತಾಕ್ತಾರೆ ಕಣಜ್ಜಿ!”

“ಕೀಳ್ಲಿ ಬುಡು. ಆನೆ ಮರಿ ತೋರ್ಸಕ್ಕೆ ನೀನು ಜೀಪಲ್ಲಿ ಜನ ಕರ್ಕೊಂಡು ಹೋದಾಗ ಅದರವ್ವ ಏನ್ಮಾಡ್ತಿತ್ತು, ಮರ್ತ್ಯಾ?”

ಅಷ್ಟರಲ್ಲಿ ಆನೆಗಳು ಅಂಗಳಕ್ಕೆ ಬಂದೇಬಿಟ್ಟವು. ಕೆಂಪಾಜಮ್ಮ ಸೆರಗು ಸಿಕ್ಕಿಸಿ, ಎರಡು ಮೊರಗಳನ್ನು ತಲೆಯ ಅಕ್ಕಪಕ್ಕ ಅಗಲಿಸಿ ಹಿಡಿದು, ಧೂಳೆಬ್ಬಿಸುತ್ತ ಅವುಗಳತ್ತ ನುಗ್ಗಿದಳು. ಮುಂದಿದ್ದ ಹೆಣ್ಣಾನೆಯ ಸೊಂಡಿಲಿಗೆ ಗೇಣುದೂರದಲ್ಲಿ ನಿಂತಳು.

ಹೆಣ್ಣಾನೆ ಆಕೆಯನ್ನು ದಿಟ್ಟಿಸಿ ನೋಡಿತು. ಆಮೇಲೆ ನಿಧಾನವಾಗಿ ತಿರುಗಿ, ಬಾಗಿಲಿಗೆ ಬೆನ್ನು ಹಾಕಿ, ತನ್ನ ಗುಂಪಿನ ಎದುರೇ ಕಿವಿ ಅಗಲಿಸಿ ನಿಂತಿತು. ಚಿನ್ನಸ್ವಾಮಿ ಒಂದು ಹೆಜ್ಜೆ ಮುಂದಿಟ್ಟಾಗ ಅವನ ಕಡೆಗೂ ತಿರುಗಿತು.