ಟೈಲಿನ ಮೇಲಿನ ಎಣ್ಣೆಗುರುತು

ಎಂಜಿನ್ ಆಯಿಲಿನ ವಾಸನೆ ಬಂದರೆ ನನಗೆ ಈಗಲೂ ನೆನಪಾಗುವುದು ಕೆಂಡಲ್ ಪಾರ್ಕ್ ಎಂಬ ಊರಿನ ನಮ್ಮ ಅಡುಗೆಮನೆ.

ಅವತ್ತು ಬೆಳಿಗ್ಗೆ ಅಪ್ಪ ತಮ್ಮ ಜೋಡಿ ರೆಕ್ಕೆಯ ಹಳೇ ವಿಮಾನ ಹಾರಿಸಿಕೊಂಡು ಒಹಾಯೊಗೆ ಹೊರಟಿದ್ದರು. ಅಲ್ಲಿ ಅಂಥ ವಿಮಾನಗಳದೇ ಮೇಳ. ರೆಕ್ಕೆಗೆ ಬಟ್ಟೆ ಬಿಗಿದಿದ್ದ ಆ ವಿಮಾನ ಕಂಡರೆ ಅಮ್ಮನಿಗೆ ಆಗುತ್ತಿರಲಿಲ್ಲ. ಹೊರಡುವಾಗ ಮೊಸರು ಸಕ್ಕರೆ ಕೊಟ್ಟದ್ದೂ ಮುಖ ಊದಿಸಿಕೊಂಡೇ. ಅದನ್ನು ತಿನ್ನಲು ಅಪ್ಪ ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ಹಾಕುವ ಬೂಟಿನಲ್ಲೇ ಒಳಗೆ ಬಂದಿದ್ದರು. ಬಿಳಿ ಟೈಲಿನ ಮೇಲೆ ಒಂದು ಕಪ್ಪು ಎಣ್ಣೆಗುರುತು ಉಳಿದಿತ್ತು.

ನಾನು ಒರೆಸಲು ಪೇಪರ್ ಟವೆಲ್ ತಂದೆ.

“ಬೇಡ ಪುಟ್ಟಿ. ಊರಿಗೆ ಹೊರಟವರ ಹಿಂದೇನೇ ಗುಡಿಸಿ ಒರೆಸಬಾರ್ದು. ಮೊದ್ಲು ತಲುಪ್ಲಿ.”

“ಬಟ್ ಅಮ್ಮಾ, ಛೀ, ಇಟ್ಸ್ ಸೋ ಗ್ರೋಸ್!”

ಅಮ್ಮ ಫೋನನ್ನು ಮಡಿಲಲ್ಲಿಟ್ಟುಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಳು. ಕಡ್ಡಿಗಳು ನೆಲದ ತುಂಬ ಬಿದ್ದವು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಫೋನು ಬಂತು. “ಲ್ಯಾಂಡ್ ಆದ್ರಾ? ಸರಿ. ಮೊದ್ಲು ಏನಾದ್ರೂ ತಿನ್ನಿ,” ಎಂದಷ್ಟೇ ಹೇಳಿ ಇಟ್ಟಳು. ಒಡನೆಯೇ ಎದ್ದು ಕಡ್ಡಿಗಳನ್ನೆಲ್ಲ ಗುಡಿಸಿ, ಬಟ್ಟೆ ಹಿಂಡಿ ನೆಲ ಒರೆಸತೊಡಗಿದಳು. ಎಣ್ಣೆಗುರುತಿನ ಹತ್ತಿರ ಬಂದಾಗ ಮಾತ್ರ ಅವಳ ಕೈ ಅದನ್ನು ಬಳಸಿಕೊಂಡು ಹೋಯಿತು.

“ಅಮ್ಮಾ, ಅದು?”

“ಅದಿರ್ಲಿ. ಅವರೇ ವಾಪಸ್ ಬಂದು ಒರೆಸ್ಲಿ.”